ಜನಸಂದಣಿಯ ಗುಡ್ಡದ ದಾರಿಗೆ ಟಿಂಬರ್ ಬೆಲ್

ಮೌಂಟನ್ ಬೈಕ್, ಅಂದರೆ ಗುಡ್ಡದ ದಾರಿಯ ಸೈಕಲ್ ಓಡಿಸುವವರಿಗೆಂದೇ ತಯಾರಾದ ಟಿಂಬರ್ ಬೆಲ್ ನೋಡುವುದಕ್ಕೆ ತೀರಾ ಸರಳವಾಗಿದೆ. ಹ್ಯಾಂಡಲ್‌ಗೆ ಜೋಡಿಸುವ ಚಿಕ್ಕದೊಂದು ಹಿತ್ತಾಳೆಯ ಗಂಟೆ, ಅದರೊಳಗೆ ತೂಗುವ ನಾಲಿಗೆ, ಹೆಬ್ಬೆರಳಿಗೆ ಎಟುಕುವ ಒಂದು ಲಿವರ್, ಇಷ್ಟೇ. ಲಿವರನ್ನು ಒಂದು ಕಡೆಗೆ ತಳ್ಳಿದರೆ ನಾಲಿಗೆ ಸಡಿಲಗೊಂಡು, ಕಲ್ಲು ಬೇರುಗಳ ಮೇಲೆ ಸೈಕಲ್ ಕುಲುಕಿದಂತೆಲ್ಲ ಗಂಟೆ ತಾನಾಗಿಯೇ ಬಾರಿಸುತ್ತದೆ. ಇನ್ನೊಂದು ಕಡೆಗೆ ತಂದರೆ ಸದ್ದು ನಿಲ್ಲುತ್ತದೆ. ಇಳಿಜಾರಿನಲ್ಲಿ ಎರಡೂ ಕೈಗಳಿಗೆ ಬ್ರೇಕಿನ ಕೆಲಸವೇ ಸಾಕಷ್ಟಿರುವಾಗ, ಬೆರಳೆತ್ತಿ ಬೆಲ್ ಹೊಡೆಯಬೇಕಾದ ಅಗತ್ಯವಿಲ್ಲದಿರುವುದೇ ಇದರ ದೊಡ್ಡ ಅನುಕೂಲ.

ನಾನು ಇದನ್ನು ಬಳಸುತ್ತಿರುವುದು ಕ್ಯಾಲಿಫೋರ್ನಿಯಾದ ಕ್ಯೂಪರ್ಟಿನೊ ಪಕ್ಕದ ಫ್ರೀಮಾಂಟ್ ಓಲ್ಡರ್ ಸಂರಕ್ಷಿತ ಪ್ರದೇಶದಲ್ಲಿ. ವಾರಾಂತ್ಯದಲ್ಲಿ ಅಲ್ಲಿ ನಡೆಯುವವರು, ಓಡುವವರು, ನಾಯಿ ಹಿಡಿದು ಬರುವವರು, ಕುದುರೆ ಸವಾರರು, ಸೈಕಲ್ಲಿನವರು ಎಲ್ಲರೂ ಒಂದೇ ದಾರಿಯನ್ನು ಹಂಚಿಕೊಳ್ಳಬೇಕು. ಈ ಪ್ರದೇಶವನ್ನು ನೋಡಿಕೊಳ್ಳುವ ಮಿಡ್‌ಪೆನಿನ್ಸುಲಾ ಸಂಸ್ಥೆಯ ನಿಯಮದಂತೆ ಸೈಕಲ್ಲಿನ ವೇಗ ತಾಸಿಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್ ಮೀರುವಂತಿಲ್ಲ. ಬೇರೆಯವರನ್ನು ದಾಟುವಾಗ ಅದು 5 ಮೈಲಿಗೆ ಇಳಿಯಬೇಕು. ಸೈಕಲ್ಲಿನವರು ನಡೆಯುವವರಿಗೂ ಕುದುರೆಗಳಿಗೂ ದಾರಿ ಬಿಡಬೇಕು, ಇಳಿಯುವವರು ಏರುವವರಿಗೆ ದಾರಿ ಬಿಡಬೇಕು ಎಂಬುದು ಎಲ್ಲೆಡೆ ಒಪ್ಪಿಕೊಂಡ ಕ್ರಮ. ಆದರೆ ತಿರುವಿನಾಚೆ ಯಾರಿದ್ದಾರೆಂದು ಕಾಣದಿದ್ದರೆ ದಾರಿ ಬಿಡುವುದಾದರೂ ಯಾರಿಗೆ? ಈ ಗಂಟೆಯ ಬೆಲೆ ಗೊತ್ತಾಗುವುದು ಅಲ್ಲಿಯೇ.

ಬೆನ್ನ ಹಿಂದೆ ಹತ್ತಡಿ ದೂರದಲ್ಲಿ ಥಟ್ಟನೆ ಹೊಡೆದ ಬೆಲ್ ಕೇಳುವವರಿಗೆ ‘ಪಕ್ಕಕ್ಕೆ ಸರಿಯಿರಿ’ ಎಂದು ಗದರಿಸಿದಂತೆ ಕೇಳಿಸುತ್ತದೆ. ಬೆಚ್ಚಿದವರು ಯಾವ ಕಡೆಗೆ ಜಿಗಿಯುತ್ತಾರೋ ಹೇಳಲಾಗದು. ಎತ್ತಿನ ಕೊರಳ ಗಂಟೆ ಕೇಳಿಯೇ ಗಾಡಿ ಬರುತ್ತಿದೆಯೆಂದು ದೂರದಿಂದ ತಿಳಿಯುತ್ತಿತ್ತಲ್ಲ, ಈ ಬೆಲ್ಲಿನ ಸದ್ದೂ ಹಾಗೆಯೇ ಸಣ್ಣದಾಗಿ ಶುರುವಾಗಿ ಹತ್ತಿರವಾಗುತ್ತ ಬರುವುದರಿಂದ ಯಾರೂ ಗಾಬರಿಯಾಗುವುದಿಲ್ಲ. ಒಮ್ಮೆ ಒಂದು ಕುರುಡು ತಿರುವಿನಲ್ಲಿ, ಊರಿನಿಂದ ಮಕ್ಕಳ ಮನೆಗೆ ಬಂದಿದ್ದ ಹಿರಿಯ ದಂಪತಿ ಮೊಮ್ಮಗಳೊಂದಿಗೆ ನಡೆದು ಬರುತ್ತಿದ್ದರು. ನಾನು ತಿರುಗಿ ಕಾಣಿಸಿಕೊಳ್ಳುವಷ್ಟರಲ್ಲಿ ಅಜ್ಜಿ ‘ಬಾ ಪುಟ್ಟಿ, ಈ ಕಡೆ ನಿಂತ್ಕೊ’ ಎಂದು ಮಗುವಿನ ಕೈ ಹಿಡಿದು ಅಂಚಿಗೆ ಸರಿದಾಗಿತ್ತು. ನಾನು ಕಾಲೂರಿ ನಿಂತು, ‘ನಮಸ್ಕಾರ, ನೀವು ಮೊದಲು ಬನ್ನಿ. ನನ್ನ ಹಿಂದೆ ಇನ್ನಿಬ್ಬರು ಬರ್ತಿದ್ದಾರೆ’ ಎಂದೆ. ‘ಗಂಟೆ ಕೇಳಿಸ್ತಪ್ಪ, ಅದಕ್ಕೇ ನಿಂತ್ವಿ’ ಎಂದರು ಯಜಮಾನರು. ಹಿಂದೆ ಎಷ್ಟು ಜನ ಇದ್ದಾರೆಂದು ಹೇಳುವ ಈ ಸಣ್ಣ ರೂಢಿಯನ್ನು ಪ್ರತಿಯೊಂದು ಗುಂಪೂ ಪಾಲಿಸಬೇಕೆಂದು ನನ್ನ ಕಳಕಳಿಯ ವಿನಂತಿ. ಮೊದಲ ಸೈಕಲ್ ದಾಟಿತೆಂದು ಜನ ಮತ್ತೆ ದಾರಿಯ ನಡುವಿಗೆ ಬರುವುದು ತೀರಾ ಸಹಜ.

ನಡೆಯುವವರನ್ನು ಅಂಚಿಗೆ ಒತ್ತರಿಸುವುದು ಸಲ್ಲದೆಂಬುದಕ್ಕೆ ಇಲ್ಲಿ ಇನ್ನೊಂದು ಕಾರಣವಿದೆ. ದಾರಿಯ ಬದಿಯಲ್ಲಿ ಪಾಯ್ಸನ್ ಓಕ್ ಎಂಬ ಗಿಡ ಬೆಳೆದಿರುತ್ತದೆ, ಸೋಕಿದರೆ ಮೈಮೇಲೆ ತುರಿಕೆಯ ಗುಳ್ಳೆಗಳೇಳುತ್ತವೆ. ಹಾಗೆಂದು ಸೈಕಲ್ಲನ್ನೇ ದಾರಿ ಬಿಟ್ಟು ಹುಲ್ಲಿನ ಮೇಲೆ ಓಡಿಸಿದರೆ ದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ, ಅಂಚಿನ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಆದ್ದರಿಂದ ಸೈಕಲ್ಲಿನವರು ನಿಲ್ಲುವುದೇ ಸರಿ.

ಕುದುರೆ ಎದುರಾದರೆ ಮಾತ್ರ ಗಂಟೆಯನ್ನು ನೆಚ್ಚಿಕೊಳ್ಳಬಾರದು. ಸದ್ದು ನಿಲ್ಲಿಸಿ, ಸೈಕಲ್ಲಿನಿಂದಿಳಿದು, ಇಳಿಜಾರಿನ ಕೆಳಬದಿಯಲ್ಲಿ ನಿಂತು ಸವಾರರನ್ನು ಮಾತನಾಡಿಸಬೇಕು. ಹೆಲ್ಮೆಟ್ ಹಾಕಿಕೊಂಡು ಸದ್ದಿಲ್ಲದೆ ಬರುವ ಆಕೃತಿ ಮನುಷ್ಯನದೆಂದು ಕುದುರೆಗೆ ಗೊತ್ತಾಗುವುದು ದನಿಯಿಂದ. ಸವಾರರು ಹೋಗಿ ಎಂದ ಮೇಲೆಯೇ ಹೊರಡಬೇಕು.

ಬೆಲ್ಲಿಗೂ ಮಿತಿಗಳಿವೆ. ನುಣುಪಾದ ಏರಿನಲ್ಲಿ ಕುಲುಕಾಟವಿಲ್ಲದೆ ಅದು ಹೆಚ್ಚುಕಡಿಮೆ ಮೌನವಾಗಿರುತ್ತದೆ. ಅಲ್ಲಿ ಬಾಯಿಬಿಟ್ಟು ಹೇಳುವುದೇ ದಾರಿ. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರಿಗೆ ಇದು ಕೇಳಿಸದು. ದೂರದವರೆಗೂ ಎಲ್ಲ ಕಾಣುವ ಅಗಲದ ದಾರಿಯಲ್ಲಿ ಇದನ್ನು ಬಾರಿಸುತ್ತಲೇ ಹೋಗುವುದು ಹಕ್ಕಿಗಳ ದನಿ ಕೇಳಲು ಬಂದವರಿಗೆ ಕಿರಿಕಿರಿ, ಆಗ ಲಿವರ್ ಹಿಂದಕ್ಕೆ ತರುವ ಸೌಜನ್ಯ ನಮಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಂಟೆಯಿದೆಯೆಂಬ ಧೈರ್ಯದಲ್ಲಿ ತಿರುವಿಗೆ ವೇಗವಾಗಿ ನುಗ್ಗುವವರ ಕೈಯಲ್ಲಿ ಇದು ಬರಿಯ ಹಾರ್ನ್ ಆಗಿಬಿಡುತ್ತದೆ.

ಜೋಡಿಸುವಾಗ ಎಡಗೈ ಹಿಡಿಯ ಪಕ್ಕದಲ್ಲಿ, ಬ್ರೇಕಿನ ಕೇಬಲ್ ಗಂಟೆಗೆ ತಾಗದಂತೆ ನೋಡಿಕೊಳ್ಳಿ. ತಾಗಿದರೆ ನಾದ ಸತ್ತುಹೋಗುತ್ತದೆ. ರಬ್ಬರ್ ಪಟ್ಟಿಯಿಂದ ಕಟ್ಟುವ ಮಾದರಿಯನ್ನು ಒಂದು ಸೈಕಲ್ಲಿನಿಂದ ಇನ್ನೊಂದಕ್ಕೆ ಸುಲಭವಾಗಿ ಬದಲಿಸಬಹುದು. ಒಂದೇ ಸೈಕಲ್ ಇರುವವರಿಗೆ ಬೋಲ್ಟ್ ಬಿಗಿಯುವ ಮಾದರಿಯೇ ಒಳ್ಳೆಯದು.