ಹಳೇ ಮ್ಯಾಕ್‌ಗೆ ನೆಟ್ ಕೊಡುವ ಮುಂಚೆ ಆ ಕರಿ ಡಬ್ಬಿ ನೋಡಿಕೊಳ್ಳಿ

ಹಳೇ ಮ್ಯಾಕ್ ಇಟ್ಟುಕೊಂಡವರು ಯಾರಾದ್ರೂ ಇದ್ದರೆ ಮೊದಲು ಇದನ್ನು ಓದಿ, ಆಮೇಲೆ ನೆಟ್ ವೈರ್ ಚುಚ್ಚಿ. ನನ್ನ ಆಪಲ್ ಮ್ಯಾಕಿಂಟಾಷ್ ಎಸ್‌ಇ/30ರ ಈಥರ್ನೆಟ್ ಕಾರ್ಡ್, ಅಂದ್ರೆ ನೆಟ್ ವೈರ್ ಚುಚ್ಚೋ ಕಾರ್ಡ್, ಹೋದ ವಾರ ನೆಟ್ ಆಂಟೆನಾದ ಕರಿ ಅಡಾಪ್ಟರ್‌ನಿಂದ ಸುಟ್ಟುಹೋಯಿತು. 1989ರಲ್ಲಿ ಬಂದ ಮಾಡೆಲ್, 9 ಇಂಚಿನ ಕಪ್ಪು-ಬಿಳುಪು ಪರದೆ, ಮಷಿನ್ ಪುಣ್ಯಕ್ಕೆ ಉಳಿದಿದೆ.

ನಾನು ಹೆದರಿದ್ದೆಲ್ಲ ಬೇರೆ ವಿಷಯಕ್ಕೆ. ಒಳಗಿನ 3.6 ವೋಲ್ಟ್ ಬ್ಯಾಟರಿ ಸೋರಿ ಬೋರ್ಡ್ ತಿನ್ನುತ್ತೆ ಅಂತ ಮೊದಲೇ ಕಿತ್ತು ಹಾಕಿದ್ದೆ. ಎಸ್‌ಇ/30 ನಮ್ಮ 230 ವೋಲ್ಟ್ ತಡೆಯುತ್ತೆ, ಅದನ್ನೂ ನೋಡಿಕೊಂಡಿದ್ದೆ. (ಅಮೆರಿಕದಿಂದ ಬಂದ ಮ್ಯಾಕ್ ಪ್ಲಸ್ ಅಥವಾ ಮ್ಯಾಕ್ ಕ್ಲಾಸಿಕ್ ಆದ್ರೆ ಹಿಂದಿನ ಲೇಬಲ್ ಓದಿ. 120 ವೋಲ್ಟ್ ಅಂತ ಇದ್ದರೆ ನೇರ ಗೋಡೆಗೆ ಹಾಕಲೇಬೇಡಿ.)

ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮ ಮನೆ. ನೆಟ್ ಬರೋದು ಮಾಳಿಗೆ ಮೇಲಿನ ಆಂಟೆನಾದಿಂದ. ಸಿಡಿಲಿಗೆ ಅದು ಹೋಗಿತ್ತು, ನೆಟ್‌ನ ಹುಡುಗ ಬಂದು ಹೊಸದು ಹಾಕಿದ. ಹಳೇ ಪಿಒಇ ಡಬ್ಬಿ, ಅಂದ್ರೆ ಆಂಟೆನಾಗೆ ಅದೇ ನೆಟ್ ವೈರಲ್ಲೇ ಕರೆಂಟ್ ಕಳಿಸೋ ಕರಿ ಅಡಾಪ್ಟರ್, ಇಲ್ಲೇ ಬಿಟ್ಟ. ರೌಟರ್‌ನಿಂದ ಮ್ಯಾಕ್ ಇರೋ ಕೋಣೆಗೆ ನನ್ನ ವೈರ್ ಗಿಡ್ಡ ಆಗಿತ್ತು, ಎರಡು ವೈರ್ ಜೋಡಿಸೋಕೆ ಏನಾದ್ರೂ ಇದೆಯಾ ಅಂದೆ. "ಇದನ್ನ ನಡುವ ಹಾಕ್ರಿ ಸರ, ಎರಡೂ ಸಾಕೆಟ್ ಒಂದ ಅದಾವ" ಅಂದ. ಸುಳ್ಳಲ್ಲ, ಡೇಟಾ ನೇರ ದಾಟುತ್ತೆ. ಆದರೆ ಡಬ್ಬಿಯ ಪ್ಲಗ್ ಎಕ್ಸ್‌ಟೆನ್ಶನ್ ಬೋರ್ಡ್‌ನಲ್ಲೇ ಇತ್ತು. ಆಗ ಮನೆಯಲ್ಲಿ ಕರೆಂಟ್ ಇರಲಿಲ್ಲ, ನನಗೆ ಅದು ತಲೆಗೇ ಬರಲಿಲ್ಲ. ಅರ್ಧ ತಪ್ಪು ನನ್ನದೇ.

ಕರೆಂಟ್ ಬಂತು. ಮ್ಯಾಕ್ ಟಣ್ ಅಂತು, ನಗುವ ಮುಖ ಬಂತು, ಕಾರ್ಡ್‌ನ ಹಸಿರು ದೀಪವೂ ಹತ್ತಿತು. ನಾನು ಖುಷಿಯಲ್ಲಿ ಫೋನ್ ತೆಗೆದು ಫೋಟೋ ಹೊಡೀತಿದ್ದೆ, ಗದಗಿನಿಂದ ಬಂದಿದ್ದ ಅಣ್ಣನ ಮಗಳು "ಕಾಕಾ, ಏನೋ ಸುಟ್ಟ ವಾಸನಿ" ಅಂದಳು. ಸ್ವಿಚ್ ಆಫ್ ಮಾಡೋ ಹೊತ್ತಿಗೆ ದೀಪ ಆರಿತ್ತು.

ಆಗಿದ್ದು ಇಷ್ಟು. ಹಳೇ 10 ಎಂಬಿಪಿಎಸ್ ಈಥರ್ನೆಟ್‌ಗೆ ಬೇಕಾಗೋದು 1, 2, 3, 6ನೇ ತಂತಿ ಮಾತ್ರ. ಆ ಡಬ್ಬಿ 4, 5ರಲ್ಲಿ ಪ್ಲಸ್, 7, 8ರಲ್ಲಿ ಮೈನಸ್ ಅಂತ 24 ವೋಲ್ಟ್ ಬಿಡುತ್ತೆ. ಬಳಸದ ತಂತಿ ತಾನೇ, ಏನಾಗುತ್ತೆ ಅನ್ನಬೇಡಿ. ನನ್ನ ಕಾರ್ಡ್‌ನಲ್ಲಿ ಆ ಎರಡು ಜೋಡಿಗಳನ್ನು ಎರಡು 75 ಓಮ್ ರೆಸಿಸ್ಟರ್‌ಗಳಿಂದ ಸೇರಿಸಿದ್ದಾರೆ. ಲೆಕ್ಕ ಹಾಕಿ ನೋಡಿದೆ, ಒಂದೊಂದಕ್ಕೂ ಸುಮಾರು 2 ವ್ಯಾಟ್ ಬಿಸಿ. ಅವು ಅಕ್ಕಿಕಾಳಿಗಿಂತ ಚಿಕ್ಕವು, ಎಲ್ಲಿ ತಡೀತಾವೆ? ರೆಸಿಸ್ಟರ್ ಬದಲಿಸಿದೆ, ಕೆಳಗಿನ ಟ್ರ್ಯಾಕೇ ಕರಕಲು, ಲಿಂಕ್ ಬರಲಿಲ್ಲ. ಸರಿಯಾದ ಪಿಒಇ, ಅಂದ್ರೆ 802.3ಎಎಫ್ ಅನ್ನೋ ಸ್ಟ್ಯಾಂಡರ್ಡ್‌ನದ್ದು, ಆ ಕಡೆ ಯಾರಿದ್ದಾರೆ ಅಂತ ಪರೀಕ್ಷೆ ಮಾಡಿ ಆಮೇಲೆ ಕರೆಂಟ್ ಬಿಡುತ್ತೆ. ಆಂಟೆನಾ ಜೊತೆ ಬರೋ ಈ ಅಗ್ಗದ ಡಬ್ಬಿಗಳು ಯಾರನ್ನೂ ಕೇಳೋದಿಲ್ಲ.

ಅದಕ್ಕೇ ಹೇಳೋದು, ಮ್ಯಾಕ್‌ಗೆ ಹೋಗೋ ವೈರಿನ ತುದಿಗೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ನೀಲಿ ಜೋಡಿಗೂ ಕಂದು ಜೋಡಿಗೂ ನಡುವೆ ಡಿಸಿ ವೋಲ್ಟ್ ಕಂಡರೆ ಕೈ ತೆಗೆಯಿರಿ. ನಡುವೆ ಒಂದು ಅಗ್ಗದ 10/100 ನೆಟ್‌ವರ್ಕ್ ಸ್ವಿಚ್ (ನೆಟ್ ವೈರ್‌ಗಳನ್ನು ಸೇರಿಸೋ ಡಬ್ಬಿ) ಇರಲಿ, ಸುಟ್ಟರೆ ಅದೇ ಸುಡಲಿ. ಕೆಲವು ಹೊಸ 2.5 ಗಿಗಾಬಿಟ್ ಪೋರ್ಟ್‌ಗಳು 10ರ ವೇಗಕ್ಕೆ ಇಳಿಯೋದೇ ಇಲ್ಲ, ಅದಕ್ಕೂ ಇದೇ ಮದ್ದು.

ಈಗ ನಾನು ಕಾರ್ಡ್ ಆಸೆ ಬಿಟ್ಟು ಬ್ಲೂಸ್ಕಸಿ, ಅಂದ್ರೆ ಹಳೇ ಮ್ಯಾಕ್‌ಗೆ ಹಾರ್ಡ್ ಡಿಸ್ಕ್ ಬದಲು ಹಾಕೋ ಚಿಕ್ಕ ಬೋರ್ಡ್, ತರಿಸಿದ್ದೇನೆ. ಅದರಲ್ಲಿ ಪೈಕೋ ಡಬ್ಲ್ಯೂ ಅನ್ನೋ ವೈಫೈ ಇರೋ ಚಿಪ್ ಬೋರ್ಡ್ ಇದ್ದರೆ ಅದು ಹಳೇ ಡೇನಾಪೋರ್ಟ್ ನೆಟ್ ಅಡಾಪ್ಟರ್ ಥರ ನಟಿಸಿ ವೈಫೈನಲ್ಲೇ ನೆಟ್ ಕೊಡುತ್ತೆ. 2.4 ಗಿಗಾಹರ್ಟ್ಜ್ ಮಾತ್ರ ಹಿಡಿಯುತ್ತೆ, ಒಂದು ಸಂಜೆ ಪೂರ್ತಿ ನಾನು ಅದನ್ನ 5 ಗಿಗಾಹರ್ಟ್ಜ್ ವೈಫೈಗೆ ಸೇರಿಸೋಕೆ ಒದ್ದಾಡಿದೆ.