ದಿನವಿಡೀ ಓಡುವ ಟಿವಿ: ಅಗ್ಗದ 55 ಇಂಚು, ಒಎಲ್‌ಇಡಿ, ಮಾಮೂಲಿ ಎಲ್‌ಇಡಿ

ಮೊದಲೇ ಹೇಳಿಬಿಡುತ್ತೇನೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಟಿವಿ ಓಡುವ ಮನೆಗೆ ನನ್ನ ಓಟು ಒಳ್ಳೆ ಕಂಪನಿಯ ಮಾಮೂಲಿ 43 ಇಂಚಿನ ಎಲ್‌ಇಡಿಗೆ. ನಾವು ತಂದಿರುವುದು ಸೋನಿ ಬ್ರೇವಿಯಾ. ಇದರ ಎದುರಿಗೆ ಎರಡನ್ನು ಇಡುತ್ತೇನೆ. ಒಂದು, ನಮ್ಮ ಮನೆಯಲ್ಲೇ ಇದ್ದ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ 55 ಇಂಚಿನದು. ಇನ್ನೊಂದು, ಬೆಂಗಳೂರಿನಲ್ಲಿ ನನ್ನ ತಮ್ಮನ ಮನೆಯ ಒಎಲ್‌ಇಡಿ.

ನಮ್ಮದು ತೀರ್ಥಹಳ್ಳಿ ಕಡೆಯ ದೊಡ್ಡ ಮನೆ. ಬೆಳಿಗ್ಗೆ ಅತ್ತೆ ಭಕ್ತಿಗೀತೆ ಹಾಕುತ್ತಾರೆ, ಮಧ್ಯಾಹ್ನ ಮಾವನವರ ನ್ಯೂಸ್, ಶಾಲೆ ಬಿಟ್ಟ ಮೇಲೆ ಮಕ್ಕಳ ಯೂಟ್ಯೂಬ್, ಆಮೇಲೆ ಸಾಲಾಗಿ ಧಾರಾವಾಹಿ. ಟಿವಿಗೆ ಬಿಡುವು ಅಂತ ಇರುವುದು ರಾತ್ರಿ ಮಾತ್ರ.

ಅಗ್ಗದ 55 ಇಂಚಿನದು ವಾರಂಟಿ ಮುಗಿದು ಸ್ವಲ್ಪ ದಿನಕ್ಕೇ ಕೈಕೊಟ್ಟಿತು. ಮೊದಲು ಪರದೆಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ. ಆಮೇಲೆ ಒಂದು ಸಂಜೆ ಧಾರಾವಾಹಿ ನಡುವೆ ಚಿತ್ರ ಪೂರ್ತಿ ಮಾಯ, ಮಾತು ಮಾತ್ರ ಕೇಳಿಸುತ್ತಿತ್ತು. ರಿಪೇರಿಗೆ ಬಂದ ಹುಡುಗ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಒತ್ತಿ ಹಿಡಿದ. ಆ ಬೆಳಕಿನ ವೃತ್ತದೊಳಗೆ ನಾಯಕಿಯ ಮುಖ ಮಸುಕಾಗಿ ಓಡಾಡುತ್ತಿತ್ತು! ಅಂದರೆ ಚಿತ್ರ ಮೂಡಿಸುವ ಪ್ಯಾನೆಲ್ ಸರಿಯಿದೆ, ಅದಕ್ಕೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಹೋಗಿದೆ.

ಬಿಚ್ಚಿ ತೋರಿಸಿದ. ಉದ್ದುದ್ದ ಪಟ್ಟಿಗಳ ಮೇಲೆ ಪುಟ್ಟ ಎಲ್‌ಇಡಿಗಳು, ಪ್ರತಿಯೊಂದಕ್ಕೂ ಗುಂಡಿಯಂಥ ಪ್ಲಾಸ್ಟಿಕ್ ಲೆನ್ಸ್. ಬಿಸಿಗೆ ಅಂಟು ಬಿಟ್ಟು ಕೆಲವು ಲೆನ್ಸ್ ಉದುರಿದ್ದವು. ಬಿಳಿ ಚುಕ್ಕೆಗೆ ಅದೇ ಕಾರಣ. ಈ ಎಲ್‌ಇಡಿಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿರುತ್ತಾರೆ, ಒಂದು ಸುಟ್ಟರೆ ಇಡೀ ಸಾಲು ಆರಿಹೋಗುತ್ತದೆ. ಪಟ್ಟಿಗೆ ದೊಡ್ಡ ದುಡ್ಡೇನಿಲ್ಲ. ಆದರೆ ಅದನ್ನು ಬದಲಿಸಲು ತೆಳು ಗಾಜಿನ ಪ್ಯಾನೆಲನ್ನು ಎತ್ತಿ ಪಕ್ಕಕ್ಕಿಡಬೇಕು. ಅಂಚಿನ ರಿಬ್ಬನ್‌ನಂಥ ತೆಳು ಕೇಬಲ್ ಒಂಚೂರು ಹರಿದರೂ ಪ್ಯಾನೆಲ್ ಕೆಟ್ಟ ಹಾಗೇ. ಹೊಸ ಪ್ಯಾನೆಲ್ ಬೆಲೆಗೆ ಹೆಚ್ಚುಕಮ್ಮಿ ಹೊಸ ಟಿವಿಯೇ ಬರುತ್ತದೆ.

ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ನಮ್ಮ ಪಿನ್‌ಕೋಡಿಗೆ ಸರ್ವೀಸ್ ಇಲ್ಲವಂತೆ. ನೀವೇ ಶಿವಮೊಗ್ಗಕ್ಕೆ ತನ್ನಿ ಎಂದರು. ಮಳೆಗಾಲದಲ್ಲಿ ಅಷ್ಟು ದೊಡ್ಡ ಟಿವಿಯನ್ನು ಜೀಪಿನಲ್ಲಿ ನಿಲ್ಲಿಸಿಕೊಂಡು ಹೋಗುವುದು ಸುಮ್ನೆ ಮಾತಲ್ಲ. ಅದಕ್ಕೇ ಹೇಳುತ್ತೇನೆ, ಕೊಳ್ಳುವ ಮೊದಲು ಇಂಚು ನೋಡುವುದಕ್ಕಿಂತ ನಿಮ್ಮ ಪಿನ್‌ಕೋಡಿಗೆ ಮನೆಗೇ ಬರುತ್ತಾರಾ ಎಂದು ಫೋನ್ ಮಾಡಿ ಕೇಳಿ.

ಒಎಲ್‌ಇಡಿಗೆ ಬ್ಯಾಕ್‌ಲೈಟ್ ಗೋಳಿಲ್ಲ, ಪ್ರತಿ ಪಿಕ್ಸೆಲ್, ಅಂದರೆ ಚಿತ್ರದ ಪ್ರತಿ ಪುಟ್ಟ ಚುಕ್ಕೆ, ತಾನೇ ಬೆಳಗುತ್ತದೆ. ತಮ್ಮನ ಮನೆಯಲ್ಲಿ ರಾತ್ರಿ ದೃಶ್ಯಗಳನ್ನು ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಅಷ್ಟು ಕಪ್ಪು ನಮ್ಮ ಟಿವಿಯಲ್ಲಿ ಬರುವುದೇ ಇಲ್ಲ, ನಿಜ. ಆದರೆ ಕನ್ನಡ ನ್ಯೂಸ್ ಚಾನೆಲ್ ನೆನಪಿಸಿಕೊಳ್ಳಿ. ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಲೋಗೋ, ಗಂಟೆಗಟ್ಟಲೆ ಅದೇ ಜಾಗದಲ್ಲಿ. ಒಎಲ್‌ಇಡಿಯಲ್ಲಿ ಆ ಜಾಗದ ಪಿಕ್ಸೆಲ್‌ಗಳು ಬೇಗ ಸವೆದು ಅಚ್ಚು ಉಳಿದುಬಿಡಬಹುದು. ಇದನ್ನು ತಡೆಯಲು ಟಿವಿ ರಿಮೋಟಿನಿಂದ ಆಫ್ ಆದಮೇಲೆ ಸ್ಟ್ಯಾಂಡ್‌ಬೈನಲ್ಲಿ, ಅಂದರೆ ಗೋಡೆಯ ಸ್ವಿಚ್ ಆನ್ ಇರುವಾಗ, ತನ್ನಷ್ಟಕ್ಕೆ ಪಿಕ್ಸೆಲ್ ಸರಿಮಾಡಿಕೊಳ್ಳುತ್ತದೆ. ನಮ್ಮಲ್ಲಿ ಅದಕ್ಕೆ ಅವಕಾಶವೇ ಇಲ್ಲ. ರಾತ್ರಿ ಮಾವ ಗೋಡೆಯ ಸ್ವಿಚ್ ಆರಿಸಿಯೇ ಮಲಗುವುದು. ಗುಡುಗು ಶುರುವಾದರೆ ಪ್ಲಗ್ಗೂ ಕೀಳುತ್ತೇವೆ, ಡಿಶ್ ಕೇಬಲ್ಲೂ ಕೀಳುತ್ತೇವೆ. ಮಲೆನಾಡಿನಲ್ಲಿ ಇದನ್ನು ಬಿಡುವ ಹಾಗಿಲ್ಲ, ಸಿಡಿಲು ಕೇಬಲ್ ಹಿಡಿದೂ ಒಳಗೆ ಬರುತ್ತದೆ.

ಬ್ರೇವಿಯಾದಲ್ಲಿ ನನಗೆ ತುಂಬ ಇಷ್ಟವಾದದ್ದು ಯಾರೂ ಜಾಹೀರಾತಿನಲ್ಲಿ ಹೇಳದ ಒಂದು ಆಯ್ಕೆ: 'ಪಿಕ್ಚರ್ ಆಫ್'. ಪರದೆ ಆರುತ್ತದೆ, ಹಾಡು ಮುಂದುವರಿಯುತ್ತದೆ. ಅತ್ತೆ ಅಡುಗೆಮನೆಯಲ್ಲಿದ್ದುಕೊಂಡೇ ಭಕ್ತಿಗೀತೆ ಕೇಳುತ್ತಾರೆ, ಅಷ್ಟು ಹೊತ್ತು ಬ್ಯಾಕ್‌ಲೈಟ್‌ಗೂ ವಿಶ್ರಾಂತಿ. ಅಂಗಡಿಯಲ್ಲಿ ಮಿಂಚುವ 'ವಿವಿಡ್' ಮೋಡ್ ಅನ್ನು ಮನೆಗೆ ಬಂದ ದಿನವೇ ತೆಗೆದು ಬ್ರೈಟ್‌ನೆಸ್ ಇಳಿಸಿದೆ. ಬೆಳಕು ಹೆಚ್ಚಾದಷ್ಟೂ ಎಲ್‌ಇಡಿಗೆ ಕರೆಂಟ್ ಜಾಸ್ತಿ, ಬಿಸಿಯೂ ಜಾಸ್ತಿ ಅಲ್ವಾ? ಹಗಲಲ್ಲೂ ಕಣ್ಣಿಗೆ ಸಾಕಾಗುತ್ತದೆ.

ಸೌಂಡ್ ಮೂರರಲ್ಲೂ ಧಾರಾವಾಹಿಗೆ ಸಾಕು. ರಿಮೋಟ್ ವಿಷಯದಲ್ಲಿ ಯಾವುದೂ ಹಿರಿಯರಿಗೆ ಸುಲಭವಲ್ಲ.

ಬೆಲೆಯಲ್ಲಿ ಅಗ್ಗದ 55 ಇಂಚು ಮತ್ತು ಈ 43 ಇಂಚಿಗೆ ದೊಡ್ಡ ಅಂತರವಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ ಒಳ್ಳೆ ಕಂಪನಿಯದೂ ಕೈಗೆಟುಕುತ್ತದೆ. ಒಎಲ್‌ಇಡಿಗೆ ಇದರ ಎರಡರಷ್ಟಕ್ಕಿಂತ ಹೆಚ್ಚು ಬೇಕು. ತಮ್ಮನ ಮನೆಯಂತೆ ಇಬ್ಬರೇ ಇದ್ದು, ರಾತ್ರಿ ಸಿನಿಮಾ ಮಾತ್ರ ನೋಡುವುದಾದರೆ ಅದನ್ನೇ ತನ್ನಿ. ನಮ್ಮಂಥ ಮನೆಗೆ 43ಕ್ಕೂ ಬಜೆಟ್ ಸಾಲದಿದ್ದರೆ, ಮನೆಗೆ ಬಂದು ರಿಪೇರಿ ಮಾಡುವ ಕಂಪನಿಯ 32 ಇಂಚಿನದನ್ನು ಊರಿನ ಅಂಗಡಿಯಲ್ಲೇ ಕೊಂಡು, ಬಿಲ್ಲಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ.