ಒಳದಾರಿಯಲ್ಲಿ ಒಬ್ಬನೇ: ಬೈಕಾ, ಕಾರಾ, ಸೈಕಲ್ಲಾ?

ಹೆದ್ದಾರಿ ಬಿಟ್ಟು ಒಳದಾರಿ ಹಿಡಿದು ಒಬ್ಬರೇ ದೂರ ಹೋಗುವ ಹುಚ್ಚು ಇರುವವರ ನಡುವೆ ಒಂದು ಮುಗಿಯದ ಜಗಳ ಇದೆ. ಬೈಕ್ ಒಳ್ಳೆಯದಾ, ಕಾರ್ ಒಳ್ಳೆಯದಾ? ಮಧ್ಯೆ ಸೈಕಲ್‌ನವರು ಬಂದು ಇಬ್ಬರನ್ನೂ ನೋಡಿ ನಗುತ್ತಾರೆ. ನಾನು ಮೂರರಲ್ಲೂ ಸುತ್ತಿದ್ದೇನೆ. ಗಾಡಿ ಆರಿಸುವಾಗ ಈಗ ನೋಡುವುದು ಒಂದನ್ನೇ: ಮನಸ್ಸಾದ ಕಡೆ ಎಷ್ಟು ಸಲೀಸಾಗಿ ನಿಲ್ಲಿಸಬಹುದು?

ಯಾಕೆಂದರೆ ಒಳದಾರಿಯ ಮಜಾ ಇರುವುದೇ ನಿಲ್ಲುವುದರಲ್ಲಿ. ಹಳೇ ಸೇತುವೆ ಕಂಡಿತು, ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲದ ಕವಲು ಕಂಡಿತು, ನಿಂತೆ. ಪಕ್ಕದಲ್ಲಿ ಕೂತು ಗಡಿಯಾರ ನೋಡುವವರು ಯಾರೂ ಇಲ್ಲ.

ಇದರಲ್ಲಿ ಬೈಕ್ ಮುಂದೆ. ಕಾಲು ಊರಿದರೆ ಆಯಿತು. ಕಾರಿನಲ್ಲಿ ಹಾಗಲ್ಲ. ರಸ್ತೆಯೇ ಒಂದು ಗಾಡಿ ಹೋಗುವಷ್ಟು ಅಗಲ ಇರುತ್ತದೆ, ಅಂಚಿನಲ್ಲಿ ಚರಂಡಿಯೋ ಪೊದೆಯೋ ಇರುತ್ತದೆ, ಪಕ್ಕಕ್ಕೆ ಹಾಕುವ ಜಾಗ ಹುಡುಕುವಷ್ಟರಲ್ಲಿ ಸೇತುವೆ ಹಿಂದೆ ಹೋಗಿರುತ್ತದೆ, ವಾಪಸ್ ತಿರುಗಿಸೋಣ ಅಂದರೆ ಎದುರಿಗೆ ಒಂದು ಟ್ರ್ಯಾಕ್ಟರ್. ಕೊನೆಗೆ 'ಬಿಡು, ಮುಂದೆ ಇನ್ನೊಂದು ಸಿಗುತ್ತದೆ' ಅಂತ ಹೊರಟುಬಿಡುತ್ತೇವೆ. ಅದು ಸಿಗುವುದಿಲ್ಲ.

ಬೈಕಿನ ಇನ್ನೊಂದು ಸುಖ ಮೈಗೆ ತಿಳಿಯುವಂಥದ್ದು. ಸಂಜೆ ಇಳಿಜಾರಿನಲ್ಲಿ ಹಳ್ಳದ ಕಡೆ ಇಳಿಯುವಾಗ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ಮೊದಲು ಮೊಣಕಾಲಿಗೆ, ಆಮೇಲೆ ಕುತ್ತಿಗೆಗೆ ತಾಗುತ್ತದೆ. ತಂಪು ಗಾಳಿ ಭಾರ, ಅದಕ್ಕೇ ತಗ್ಗಿನಲ್ಲಿ ಬಂದು ಕೂರುತ್ತದೆ. ಏರು ಹತ್ತುತ್ತಿದ್ದಂತೆ ಮತ್ತೆ ಬೆಚ್ಚಗೆ. ಕಾರಿನ ಗಾಜು ಏರಿಸಿಕೊಂಡು ಅದೇ ದಾರಿಯಲ್ಲಿ ಹೋದರೆ ಇದರ ಸುಳಿವೇ ಸಿಗುವುದಿಲ್ಲ. ಆದರೆ ಈ ಸುಖ 40-50ರ ವೇಗದಲ್ಲಿ ಮಾತ್ರ. ಅದಕ್ಕಿಂತ ಜೋರಾದರೆ ಹೆಲ್ಮೆಟ್ಟಿಗೆ ಬಡಿಯುವ ಗಾಳಿಯದೇ ಸದ್ದು, ಬೇರೇನೂ ಕೇಳುವುದಿಲ್ಲ. ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ತಿರುವಿನಲ್ಲಿ ಜಲ್ಲಿ ಚೆಲ್ಲಿರುವ ರಸ್ತೆಯಲ್ಲಿ ಒಬ್ಬರೇ ಇದ್ದಾಗ ಈ ಲೆಕ್ಕ ನೆನಪಿರಬೇಕು, ಅಲ್ವಾ?

ಹಾಗಾದರೆ ಕಾರು ದಂಡವಾ? ಖಂಡಿತ ಇಲ್ಲ. ಕತ್ತಲಾದ ಮೇಲೆ, ಮಳೆ ಹಿಡಿದ ಮೇಲೆ ಕಾರೇ ರಾಜ. ನಿದ್ದೆ ಬಂತಾ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಸೀಟು ಹಿಂದಕ್ಕೆ ಬಾಗಿಸಿ 20 ನಿಮಿಷ ಕಣ್ಣು ಮುಚ್ಚಬಹುದು. ಬೈಕಿನವನಿಗೆ ಈ ಭಾಗ್ಯ ಇಲ್ಲ, ಅವನು ಮರದ ಬುಡ ಹುಡುಕಬೇಕು. ಸಾಮಾನು ಎಷ್ಟು ಬೇಕಾದರೂ ತುಂಬಬಹುದು, ಆದರೂ ಒಬ್ಬನಿಗೆ ಅಷ್ಟು ಸಾಮಾನು ಯಾಕೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಕಾರಿನಲ್ಲಿ ಕೂತವರಿಗೆ ಒಂದು ಹುಸಿ ಧೈರ್ಯವೂ ಬರುತ್ತದೆ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಬೈಕಿನವನು ನಿಂತು ಯೋಚಿಸುತ್ತಾನೆ, ಕಾರಿನವನು ನುಗ್ಗಿಸುತ್ತಾನೆ. ಒಂದಡಿ ಆಳದ ಹರಿಯುವ ನೀರು ಸಾಕು, ಸಣ್ಣ ಕಾರು ತೇಲಿಹೋಗಬಹುದು.

ಇನ್ನು ಕಾರಿನ ಮ್ಯೂಸಿಕ್ ಸಿಸ್ಟಮ್. ಹಾಡು ಹಾಕಿದ ತಕ್ಷಣ ರಸ್ತೆ ಹಿನ್ನೆಲೆಗೆ ಸರಿಯುತ್ತದೆ. ನಾನು ಈಗ ಆಫ್ ಮಾಡಿ, ಕಿಟಕಿ ಅರ್ಧ ಇಳಿಸಿ ಓಡಿಸುತ್ತೇನೆ. ಆಗ ಕಾರು ಬೈಕಿಗೆ ಸ್ವಲ್ಪ ಹತ್ತಿರ ಬರುತ್ತದೆ.

ಸೈಕಲ್? ನಿಲ್ಲುವುದರಲ್ಲಿ ಅದನ್ನು ಮೀರಿಸುವುದು ಯಾವುದೂ ಇಲ್ಲ. ಜನ ತಾವಾಗಿಯೇ ಮಾತಾಡಿಸುತ್ತಾರೆ. ಆದರೆ ಎದುರುಗಾಳಿ ಬಂದರೆ ಮುಗಿಯಿತು, ಸುತ್ತಲಿನ ಚೆಂದವೆಲ್ಲ ಮರೆತು ಮುಂದಿನ ಚಕ್ರವನ್ನೇ ನೋಡುತ್ತಾ ತುಳಿಯುತ್ತೇವೆ. ನಾಯಿಗಳು ಬೇರೆ. ನಾನಂತೂ ಇಳಿದು, ಸೈಕಲ್ಲನ್ನು ಮಧ್ಯೆ ಇಟ್ಟುಕೊಂಡು ನಿಧಾನಕ್ಕೆ ನಡೆಯುತ್ತೇನೆ, ಓಡುವ ಚಕ್ರ ಇಲ್ಲದಿದ್ದರೆ ಅವಕ್ಕೂ ಸಾಮಾನ್ಯವಾಗಿ ಬೇಜಾರಾಗುತ್ತದೆ. ದೂರದ ದಾರಿಗೆ ಸೈಕಲ್ ಬೇಕೆಂದರೆ ರಜೆ ಜಾಸ್ತಿ ಬೇಕು, ಅಷ್ಟೇ.

ಯಾವುದರಲ್ಲಿ ಹೋದರೂ ದಾರಿ ತೋರಿಸುವುದು ಫೋನೇ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಉಪಗ್ರಹಗಳ ಸಿಗ್ನಲ್ ಸಿಕ್ಕರೆ ಸಾಕು. ಮ್ಯಾಪ್ ಮಾತ್ರ ಮೊದಲೇ ಡೌನ್‌ಲೋಡ್ ಆಗಿರಬೇಕು. ಸುಮ್ನೆ ಊರಿನ ಹೆಸರು ಹಾಕಿದರೆ ಆಪ್ ಬೇಗ ತಲುಪುವ ದಾರಿ ಹುಡುಕಿ ಹೆದ್ದಾರಿಗೇ ಎಳೆದೊಯ್ಯುತ್ತದೆ. ಹೆದ್ದಾರಿ ಬೇಡ ಅನ್ನುವ ಆಯ್ಕೆ ಒತ್ತಿ, ಮಧ್ಯೆ ಒಂದೆರಡು ಸಣ್ಣ ಊರು ಸೇರಿಸಿ. ಕಾರಿನಲ್ಲಿ ಫೋನನ್ನು ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದರೆ ತಲೆನೋವಿಲ್ಲ. ಬೈಕಿನ ಹ್ಯಾಂಡಲ್‌ಗೆ ಕಟ್ಟುವ ಮುಂಚೆ ಯೋಚಿಸಿ, ಎಂಜಿನ್ನಿನ ಅದುರಾಟಕ್ಕೆ ಐಫೋನ್ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ನಾನು ಜೇಬಿನಲ್ಲಿಟ್ಟುಕೊಂಡು ಕವಲು ಬಂದಾಗಲೆಲ್ಲ ನಿಂತು ನೋಡುತ್ತೇನೆ.

ಪಂಕ್ಚರ್ ವಿಷಯದಲ್ಲಿ ಬೈಕೋ ಕಾರೋ ಅನ್ನುವುದಕ್ಕಿಂತ ಟಯರ್ ಯಾವುದು ಅನ್ನುವುದು ಮುಖ್ಯ. ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು, ಪಂಕ್ಚರ್ ಬತ್ತಿ ತುರುಕಿ, ಸಣ್ಣ ಪಂಪಿನಿಂದ ಗಾಳಿ ಹಾಕಿ ಹೊರಡಬಹುದು. ಟ್ಯೂಬ್ ಇರುವ ಬೈಕ್ ಆದರೆ ಚಕ್ರವನ್ನೇ ಬಿಚ್ಚಬೇಕು, ಅದೂ ಒಬ್ಬರೇ.

ಒಣ ಹವೆ, ಹಗಲು ಪ್ರಯಾಣ ಅಂದರೆ ನನ್ನ ಓಟು ಬೈಕಿಗೆ. ಮಳೆಗಾಲಕ್ಕೆ, ರಾತ್ರಿ ಎಲ್ಲಿ ತಂಗುತ್ತೇವೋ ಗೊತ್ತಿಲ್ಲದ ಪ್ರಯಾಣಕ್ಕೆ ಕಾರು, ಆದಷ್ಟು ಚಿಕ್ಕ ಕಾರು.